ಸಭಾನಾಯಕನ ಅಂತಃಸ್ಫುರಣವೂ ನಿರ್ಣಯವೂ

ಹತ್ತು ಜನರ ಯೋಗಕ್ಷೇಮದ ಭಾರವನ್ನು ಹೊತ್ತವನು ಒಂದು ಇಕ್ಕಟ್ಟಿನ ಎದುರಿಗೆ ಬಂದು ನಿಂತಾಗ, ಯುಕ್ತಿಯು ಲೆಕ್ಕ ಹಾಕುವದಕ್ಕೆ ಮುಂಚಿತವಾಗಿಯೇ ಅವನ ಅಂತರಂಗದಲ್ಲಿ ಒಂದು ನುಡಿ ಮೂಡುವದುಂಟು. ‘ಹೀಗೆ ಮಾಡು’ ಎಂದೋ ‘ಇದನ್ನು ಬಿಡು’ ಎಂದೋ ಅದು ಹೇಳುತ್ತದೆ. ಕಾರಣವನ್ನು ಮಾತ್ರ ಹೇಳುವದಿಲ್ಲ. ಇದನ್ನೇ ಅಂತಃಸ್ಫುರಣವೆನ್ನುತ್ತೇವೆ. ಈ ನುಡಿಯನ್ನು ಎಷ್ಟರ ಮಟ್ಟಿಗೆ ನಂಬತಕ್ಕದ್ದು? ನಂಬತಕ್ಕ ಯೋಗ್ಯತೆಯು ಅದಕ್ಕೆ ಹೇಗೆ ಬರುವದು? ತನ್ನೊಬ್ಬನ ಹಾನಿ-ಲಾಭದ ಮಾತಾದರೆ ಯಾರೂ ಯಾರನ್ನೂ ಕೇಳಬೇಕಾದುದಿಲ್ಲ. ಆದರೆ ಮುಂದಾಳಿನ ನಿರ್ಣಯದ ಫಲವನ್ನು ಉಣ್ಣುವವರು ಬೇರೆ ಜನರು. ಆದುದರಿಂದ ಈ ಪ್ರಶ್ನೆಯು ಮನಃಶಾಸ್ತ್ರಕ್ಕೆ ಸೇರಿದಷ್ಟೇ ಧರ್ಮವಿಚಾರಕ್ಕೂ ಸೇರಿದುದು.

ಕ್ರೈಸ್ತ ಸಭೆಯ ನಾಯಕನಲ್ಲಿ ಈ ಪ್ರಶ್ನೆಯು ಇನ್ನಷ್ಟು ತೀಕ್ಷ್ಣವಾಗುತ್ತದೆ. ಪವಿತ್ರಾತ್ಮನು ಭಕ್ತನನ್ನು ಒಳಗಿನಿಂದ ನಡೆಯಿಸುವನೆಂಬದು ಆ ಮತದ ಮೂಲ ನಂಬಿಗೆಗಳಲ್ಲೊಂದು. ಹೀಗಿರಲು, ತನ್ನೊಳಗೆ ಮೂಡಿದ ನುಡಿಯು ದೇವರದೋ, ತನ್ನ ಆಶೆಯದೋ, ಅಥವಾ ನಿನ್ನೆಯ ಸಿಟ್ಟಿನದೋ ಎಂದು ತಿಳಿಯುವದು ಅವನ ಮೊದಲನೆಯ ಹೊಣೆಯಾಗುತ್ತದೆ. ನಮ್ಮ ಪ್ರಾಂತದಲ್ಲಿ ಸಭಾಪಾಲಕನೆಂದರೆ ಆದಿತ್ಯವಾರದ ಬೋಧನೆಯನ್ನು ಮಾಡಿ ಸುಮ್ಮನಾಗುವವನಲ್ಲ. ಶಾಲೆ, ವಸತಿಗೃಹ, ದವಾಖಾನೆ, ಸಭೆಯ ಹೊಲ-ಮನೆ, ಮದುವೆಯ ಒಪ್ಪಿಗೆ, ಮನೆತನಗಳ ಮನಸ್ತಾಪ, ಬಡ ಹುಡುಗನ ಫೀ, ಇವೆಲ್ಲವೂ ಅವನ ಬಾಗಿಲಿಗೆ ಬರುತ್ತವೆ. ಪ್ರತಿಯೊಂದಕ್ಕೂ ‘ಹೌದು’ ಅಥವಾ ‘ಅಲ್ಲ’ ಎಂದು ಅವನು ಹೇಳಲೇಬೇಕು.

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಊರ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದ ನನ್ನಂಥವನು ಈ ವಿಷಯಕ್ಕೆ ಏಕೆ ಕೈಹಾಕಬೇಕೆಂದು ವಾಚಕರು ಕೇಳಬಹುದು. ಎರಡು ಕಾರಣಗಳಿವೆ. ಮೊದಲನೆಯದು, ಮಠದ ಸ್ವಾಮಿಗಳಿಗೂ ಶಾಲೆಯ ಮುಖ್ಯಾಧ್ಯಾಪಕರಿಗೂ ಪಂಚಾಯತಿಯ ಅಧ್ಯಕ್ಷರಿಗೂ ಇದೇ ಪ್ರಶ್ನೆಯು ಬೇರೆ ಬೇರೆ ಹೆಸರುಗಳಿಂದ ಎದುರಾಗುತ್ತದೆ. ಎರಡನೆಯದು, ಹಿರೇಕೆರೂರು ಸೀಮೆಯವರಾದ ನಾವು ಒಬ್ಬ ಕ್ರೈಸ್ತ ಸಭಾಪಾಲಕರಿಗೆ ಋಣಿಗಳಾಗಿದ್ದೇವೆ. ಅಬಲೂರು-ಮಾಸೂರುಗಳ ಹೆಸರಿನೊಡನೆ ಬೆಸೆದುಕೊಂಡಿರುವ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ, ಶೋಧಿಸಿ, 1924ರಲ್ಲಿ ಪುಸ್ತಕರೂಪವಾಗಿ ನಾಡಿನ ಕೈಗಿತ್ತವರು ಬಾಸೆಲ್ ಮಿಶನ್ ಸಭೆಯ ಪಾಲಕರಾದ ರೆವರೆಂಡ್ ಉತ್ತಂಗಿ ಚೆನ್ನಪ್ಪನವರು. ಅವರ ಮಾತನ್ನು ಮುಂದೆ ಎತ್ತಿಕೊಳ್ಳುವೆನು.

ಮೊದಲು ಅಂತಃಸ್ಫುರಣದ ಸ್ವರೂಪವನ್ನು ನೋಡೋಣ. ಬ್ಯಾಡಗಿಯ ಪೇಟೆಯಲ್ಲಿ ಅನುಭವವುಳ್ಳ ದಲಾಲನು ಮೆಣಸಿನಕಾಯಿಯ ಚೀಲದಲ್ಲಿ ಕೈಯಿಟ್ಟು, ಒಂದು ಹಿಡಿ ತೆಗೆದು, ಬಣ್ಣ ನೋಡಿ, ಮೂಸಿ, ಇದು ಎಷ್ಟು ಒಣಗಿದೆ, ಎಷ್ಟು ದಿನ ತಾಳುವದು ಎಂಬದನ್ನು ಕ್ಷಣದಲ್ಲಿ ಹೇಳಿಬಿಡುತ್ತಾನೆ. ಕುಂಬಾರನು ಗಡಿಗೆಯನ್ನು ಬೆರಳಿನಿಂದ ತಟ್ಟಿ ನಾದವನ್ನು ಕೇಳಿ, ಕಣ್ಣಿಗೆ ಕಾಣದ ಬಿರುಕನ್ನು ಕಂಡುಹಿಡಿಯುತ್ತಾನೆ. ಬಹುಕಾಲ ಕಲಿಸಿದ ಮಾಸ್ತರನಿಗೆ, ರಾಮಶಬ್ದವನ್ನು ಒಪ್ಪಿಸುತ್ತಿರುವ ಹುಡುಗನು ತಿಳಿದು ಹೇಳುತ್ತಿರುವನೋ ಗಿಳಿಯಂತೆ ಹೇಳುತ್ತಿರುವನೋ ಎಂಬದು ಅವನ ಸ್ವರದ ಏರಿಳಿತದಿಂದಲೇ ಗೊತ್ತಾಗುತ್ತದೆ. ಇವರಲ್ಲಿ ಯಾರನ್ನು ಕೇಳಿದರೂ ‘ಹೇಗೆ ತಿಳಿಯಿತು’ ಎಂಬದಕ್ಕೆ ನೆಟ್ಟಗೆ ಉತ್ತರ ಬರಲಾರದು. ಆದರೂ ಅವರ ತಿಳಿವಳಿಕೆಯು ಆಕಾಶದಿಂದ ಉದುರಿದುದಲ್ಲ. ಸಾವಿರ ಚೀಲ, ಸಾವಿರ ಗಡಿಗೆ, ಸಾವಿರ ಹುಡುಗರು ಆ ಒಂದು ಕ್ಷಣದ ಹಿಂದೆ ನಿಂತಿರುತ್ತಾರೆ.

ನಮ್ಮ ವೈಯಾಕರಣರಲ್ಲಿ ಶ್ರೇಷ್ಠನಾದ ಭರ್ತೃಹರಿಯು ವಾಕ್ಯಪದೀಯದ ಎರಡನೆಯ ಕಾಂಡದಲ್ಲಿ ಇದನ್ನು ‘ಪ್ರತಿಭೆ’ಯೆಂದು ಕರೆದು ವಿಚಾರ ಮಾಡಿದ್ದಾನೆ. ವಸಂತದಲ್ಲಿ ಕೋಗಿಲೆಗೆ ಕೂಗಲು ಯಾರು ಕಲಿಸಿದರು, ಹಕ್ಕಿಗೆ ಗೂಡು ಕಟ್ಟಲು ಯಾರು ಹೇಳಿಕೊಟ್ಟರು ಎಂದು ಕೇಳುವ ಅವನು, ಎಲ್ಲ ಪ್ರಾಣಿಗಳಿಗೂ ಇಂಥದೊಂದು ಒಳಗಿನ ಅರಿವು ಇದೆಯೆಂದು ಒಪ್ಪುತ್ತಾನೆ. ಆದರೆ ಅಷ್ಟಕ್ಕೇ ನಿಲ್ಲುವದಿಲ್ಲ. ಪ್ರತಿಭೆಯ ಮೂಲಗಳನ್ನು ಎಣಿಸುವಾಗ ಸ್ವಭಾವದ ಜೊತೆಗೆ ಆಚರಣೆಯನ್ನೂ ಅಭ್ಯಾಸವನ್ನೂ ಯೋಗವನ್ನೂ ಅದೃಷ್ಟವನ್ನೂ ವಿಶಿಷ್ಟರಾದ ಹಿರಿಯರಿಂದ ಬಂದ ಸಂಸ್ಕಾರವನ್ನೂ ಸೇರಿಸಿ, ಆರು ಬಗೆಯೆಂದು ಹೇಳುತ್ತಾನೆ. ಇವುಗಳಲ್ಲಿ ಸ್ವಭಾವ, ಅದೃಷ್ಟಗಳು ನಮ್ಮ ಕೈಯಲ್ಲಿಲ್ಲ. ಉಳಿದವುಗಳಿಗೆ ನಮ್ಮ ಪ್ರಯತ್ನದ ನೆರವು ಬೇಕು. ಆದುದರಿಂದ ಒಳ್ಳೆಯ ಅಂತಃಸ್ಫುರಣವು ಕೆಲವರಿಗೆ ಹುಟ್ಟಿನಿಂದ ಬಂದ ವರ, ಉಳಿದವರಿಗೆ ಇಲ್ಲ ಎಂಬ ಮಾತು ನಿಲ್ಲಲಾರದು. ಅದನ್ನು ಬೆಳೆಯಿಸಬಹುದು, ಬೆಳೆಯಿಸದಿದ್ದರೆ ಕೆಡಿಸಲೂಬಹುದು.

ಧರ್ಮಶಾಸ್ತ್ರಕಾರರು ಇದಕ್ಕೆ ಯಾವ ಸ್ಥಾನವನ್ನು ಕೊಟ್ಟರೆಂಬದನ್ನೂ ನೋಡತಕ್ಕದ್ದು. ಮನುಸ್ಮೃತಿಯು ಧರ್ಮಕ್ಕೆ ಆಧಾರಗಳನ್ನು ಹೇಳುವಾಗ ಶ್ರುತಿ, ಸ್ಮೃತಿ, ಸಜ್ಜನರ ಆಚಾರ ಇವುಗಳಾದ ಮೇಲೆ ಕಟ್ಟಕಡೆಗೆ ಆತ್ಮತುಷ್ಟಿಯನ್ನು, ಅಂದರೆ ತನ್ನ ಮನಸ್ಸಿನ ಒಪ್ಪಿಗೆಯನ್ನು, ಇಟ್ಟಿದೆ. ಅದನ್ನು ಹೊರಗೆ ಹಾಕಲಿಲ್ಲ; ಆದರೆ ಮೊದಲಿಗೂ ಕೂಡಿಸಲಿಲ್ಲ. ಹಾಗಾದರೆ ಯಾರ ಮನಸ್ಸಿನ ಒಪ್ಪಿಗೆ? ಕಳ್ಳನಿಗೂ ತನ್ನ ಕಳವಿನಲ್ಲಿ ತುಷ್ಟಿಯುಂಟಲ್ಲವೆ? ಮೀಮಾಂಸಕನಾದ ಕುಮಾರಿಲಭಟ್ಟನು ಇದಕ್ಕೆ ಒಂದು ಸೊಗಸಾದ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಉಪ್ಪಿನ ಗಣಿಯಲ್ಲಿ ಬಿದ್ದ ವಸ್ತುವು ಕಾಲಾಂತರದಲ್ಲಿ ತಾನೂ ಉಪ್ಪೇ ಆಗುವಂತೆ, ಬಹುಕಾಲ ವೇದಾಧ್ಯಯನದಲ್ಲಿ ಮುಳುಗಿದವನ ಮನಸ್ಸಿಗೆ ತೋರಿದುದು ವೇದಕ್ಕೆ ಹೊಂದಿಯೇ ಇರುತ್ತದೆಯೆಂದು ಅವನ ತಾತ್ಪರ್ಯ. ಉಪ್ಪಿನಲ್ಲಿ ಇಳಿಯದೆ ಉಪ್ಪಾಗುವಂತಿಲ್ಲ. ಕ್ರೈಸ್ತ ನಾಯಕನಿಗೂ ಈ ಮಾತನ್ನು ಹಾಗೆಯೇ ಅನ್ವಯಿಸಬಹುದು: ಸತ್ಯವೇದದ ಓದು, ಪ್ರಾರ್ಥನೆ, ದೀನರ ಮನೆಯ ನಿತ್ಯದ ಒಡನಾಟ, ಇವುಗಳಲ್ಲಿ ವರುಷಗಟ್ಟಲೆ ಮುಳುಗಿದವನಿಗೆ ತೋರಿದ ನುಡಿಯೂ, ಸಮಿತಿಯ ಮೇಜಿನ ಮುಂದೆ ಮಾತ್ರ ಕುಳಿತವನಿಗೆ ತೋರಿದ ನುಡಿಯೂ ಒಂದೇ ತೂಕದವಾಗಲಾರವು.

ಕಾವ್ಯವನ್ನು ಓದಿದವರು ಇಲ್ಲಿ ಕಾಳಿದಾಸನ ದುಷ್ಯಂತನನ್ನು ನೆನೆಯುವರು. ಸಂಶಯದ ಎಡೆಯಲ್ಲಿ ಸಜ್ಜನರಿಗೆ ಅಂತಃಕರಣದ ಒಲವೇ ಪ್ರಮಾಣವೆಂದು ಆ ರಾಜನು ಕಣ್ವಾಶ್ರಮದಲ್ಲಿ ಸಮಾಧಾನ ಹೇಳಿಕೊಳ್ಳುವನಷ್ಟೆ. ಈ ಮಾತನ್ನು ಎತ್ತಿ ಆಡುವವರು ಅದರ ಮುಂದಿನ ಕಥೆಯನ್ನು ಮರೆಯುವದುಂಟು. ಒಲವನ್ನು ನಂಬಿದ ಅದೇ ರಾಜನು ಸಖಿಯರನ್ನು ಕರೆದು ಶಕುಂತಲೆಯ ಹುಟ್ಟಿನ ವೃತ್ತಾಂತವನ್ನು ವಿಚಾರಿಸದೆ ಬಿಡಲಿಲ್ಲ. ಇನ್ನು ಐದನೆಯ ಅಂಕದಲ್ಲಿ, ಹಾಡನ್ನು ಕೇಳಿ ಅವನ ಮನಸ್ಸು ಕಾರಣ ತಿಳಿಯದೆ ಕಳವಳಗೊಂಡಿರುತ್ತದೆ. ಆದರೂ ಹೊರಗಿನ ಗುರುತಾದ ಉಂಗುರವಿಲ್ಲವೆಂದು ಅವಳನ್ನು ನಿರಾಕರಿಸುತ್ತಾನೆ. ಮೊದಲನೆಯ ಸಂದರ್ಭದಲ್ಲಿ ಒಳಗಿನ ನುಡಿಗೆ ಹೊರಗಿನ ವಿಚಾರಣೆ ಜೊತೆಯಾಯಿತು, ಕಾರ್ಯವು ಸರಿಹೋಯಿತು. ಎರಡನೆಯದರಲ್ಲಿ ಮನಸ್ಸಿನ ಕಳವಳಕ್ಕೆ ಕಾರಣವೇನೆಂದು ಅವನು ಹುಡುಕಲಿಲ್ಲ. ಅದರ ದುಃಖವನ್ನು ನಿರಪರಾಧಿಯಾದ ಹೆಣ್ಣುಮಗಳು ಉಂಡಳು. ಶಾಪದ ಕಾರಣದಿಂದ ರಾಜನು ಕ್ಷಮೆಗೆ ಪಾತ್ರನಾಗಬಹುದು. ಶಾಪದ ನೆವವಿಲ್ಲದ ನಮಗೆ ಆ ಅನುಕೂಲವಿಲ್ಲ.

ಕ್ರೈಸ್ತರ ಗ್ರಂಥದಲ್ಲಿಯೂ ಒಳದನಿಯನ್ನು ಕುರಿತು ಇದೇ ಎಚ್ಚರವಿದೆ. ಬಾಲಕನಾದ ಸಮುವೇಲನು ರಾತ್ರಿಯಲ್ಲಿ ತನ್ನನ್ನು ಯಾರೋ ಕರೆದಂತೆ ಕೇಳಿ, ಮೂರು ಸಲವೂ ಎದ್ದು ವೃದ್ಧ ಯಾಜಕನಾದ ಏಲಿಯ ಬಳಿಗೆ ಓಡಿದನು. ದನಿ ದೇವರದಾಗಿದ್ದರೂ ಹುಡುಗನಿಗೆ ಅದು ಗೊತ್ತಾಗಲಿಲ್ಲ. ಗುರುತಿಸಿ ಹೇಳಿದವನು ಹಿರಿಯನು. ಇನ್ನೂ ದೊಡ್ಡ ಮಾತೆಂದರೆ, ಆ ದನಿಯು ಹೇಳಿದ ಸುದ್ದಿಯು ಏಲಿಯ ಮನೆತನದ ಅಳಿವಿನದೇ ಆಗಿತ್ತು. ಬೆಳಗಾದ ಮೇಲೆ ಹುಡುಗನು ಹೇಳಲು ಹೆದರಿದಾಗ, ಮುಚ್ಚಿಡದೆ ಹೇಳೆಂದು ಒತ್ತಾಯಿಸಿದವನೂ ಏಲಿಯೇ. ತನಗೆ ಅಹಿತವಾದ ಸತ್ಯವನ್ನೂ ಕೇಳಲು ಒಪ್ಪಿದ ಇಂಥ ಹಿರಿಯನು ಪ್ರತಿಯೊಬ್ಬ ನಾಯಕನ ಬಳಿಯಲ್ಲಿರಬೇಕು. ಪ್ರತಿಯೊಬ್ಬ ನಾಯಕನೂ ಮುಂದೆ ಇಂಥ ಹಿರಿಯನಾಗಲು ಸಿದ್ಧನಿರಬೇಕು.

ಸೊಲೊಮೋನನು ದೇವರನ್ನು ಐಶ್ವರ್ಯ ಬೇಡದೆ, ಪ್ರಜೆಗಳ ನ್ಯಾಯವನ್ನು ತಿಳಿಯುವ ಹೃದಯವನ್ನು ಬೇಡಿದನೆಂದು ಹೇಳಿದೆ. ಕೂಡಲೇ ಒಂದು ಮಗುವಿಗಾಗಿ ಜಗಳಾಡುವ ಇಬ್ಬರು ತಾಯಂದಿರ ಕಥೆಯು ಬರುತ್ತದೆ. ಯಾರು ನಿಜವಾದ ತಾಯಿಯೆಂಬದು ಅವನಿಗೆ ಮೊದಲೇ ಹೊಳೆದಿರಬಹುದು. ಆದರೆ ‘ನನಗೆ ಹೀಗೆ ತೋರಿತು’ ಎಂದು ತೀರ್ಪು ಕೊಡದೆ, ಖಡ್ಗವನ್ನು ತರಿಸಿ, ಸಭೆಯ ಎಲ್ಲರ ಕಣ್ಣಿಗೂ ಸತ್ಯವು ತಾನಾಗಿ ಕಾಣುವಂತೆ ಮಾಡಿದನು. ಮಗುವು ಬದುಕುವದಾದರೆ ತಾನು ಅದನ್ನು ಕಳಕೊಂಡರೂ ಚಿಂತೆಯಿಲ್ಲವೆಂದವಳು ತಾಯಿಯೆಂದು ಎಲ್ಲರೂ ಕಂಡರು. ಅಂತಃಸ್ಫುರಣವುಳ್ಳ ನಾಯಕನ ಕರ್ತವ್ಯವು ಇದೇ: ತನಗೆ ಹೊಳೆದುದನ್ನು ಇತರರೂ ಪರೀಕ್ಷಿಸಿ ನೋಡುವಂಥ ದಾರಿಯನ್ನು ತೆರೆಯುವದು.

ಮೂರನೆಯ ನಿದರ್ಶನವು ಅಪೊಸ್ತಲರ ಕೃತ್ಯಗಳ ಹದಿನೈದನೆಯ ಅಧ್ಯಾಯದಲ್ಲಿದೆ. ಯೆಹೂದ್ಯರಲ್ಲದವರು ಸಭೆಗೆ ಸೇರಿದಾಗ ಅವರ ಮೇಲೆ ಯೆಹೂದ್ಯರ ಕಟ್ಟಳೆಗಳನ್ನು ಹೊರಿಸಬೇಕೋ ಬೇಡವೋ ಎಂಬ ವಿವಾದವೆದ್ದಾಗ ಯೆರೂಸಲೇಮಿನಲ್ಲಿ ಹಿರಿಯರು ಕೂಡಿದರು. ಬಹಳ ಚರ್ಚೆಯಾಯಿತು. ಪೇತ್ರನು ತನ್ನ ಅನುಭವವನ್ನು ಹೇಳಿದನು. ಬಾರ್ನಬ-ಪೌಲರು ತಾವು ಕಂಡುದನ್ನು ವರದಿ ಮಾಡಿದರು. ಯಾಕೋಬನು ಶಾಸ್ತ್ರವಚನದೊಡನೆ ಅದನ್ನು ಹೊಂದಿಸಿ ನೋಡಿದನು. ಇಷ್ಟಾದ ಮೇಲೆ ಬರೆದ ಪತ್ರದಲ್ಲಿ, ಈ ನಿರ್ಣಯವು ಪವಿತ್ರಾತ್ಮನಿಗೂ ತಮಗೂ ಸರಿತೋರಿದುದೆಂದು ತಿಳಿಸಿದರು. ಕ್ರಮವನ್ನು ಗಮನಿಸಬೇಕು. ಮೊದಲು ವಾದ, ಆಮೇಲೆ ಅನುಭವದ ಸಾಕ್ಷಿ, ಆಮೇಲೆ ಶಾಸ್ತ್ರ, ಕೊನೆಗೆ ಪವಿತ್ರಾತ್ಮನ ಹೆಸರು. ಆ ಹೆಸರನ್ನು ಮೊದಲೇ ಹೇಳಿದ್ದರೆ ಮಿಕ್ಕ ಮೂರಕ್ಕೂ ಬಾಯಿ ಕಟ್ಟಿದಂತಾಗುತ್ತಿತ್ತು.

ಇನ್ನು ನಮ್ಮ ನಾಡಿನ ಇತಿಹಾಸಕ್ಕೆ ಬರೋಣ. ಸ್ವಿಟ್ಜರ್ಲಂಡಿನ ಬಾಸೆಲ್ ನಗರದ ಮಿಶನ್ 1834ರಲ್ಲಿ ಮಂಗಳೂರಿನಲ್ಲಿ ಕೆಲಸಕ್ಕೆ ತೊಡಗಿ, 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಬೆಟಗೇರಿಗೂ ಬಂತು. ಹರ್ಮನ್ ಮೊಗ್ಲಿಂಗನು ಆ ಮಿಶನಿನ ಮುಂದಾಳುಗಳಲ್ಲೊಬ್ಬನು. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೆಗಳಿಗೆ ಮೊದಲಿಗನಾದವನು. 1840ರ ಸುಮಾರಿಗೆ ನಮ್ಮ ಕಡೆಯ ಕಾಲಜ್ಞಾನಗ್ರಂಥಗಳನ್ನು ನಂಬಿದ ಒಂದು ಪಂಥದವರು ಮಿಶನರಿಗಳ ಬಳಿಗೆ ಬಂದರು. ತಮ್ಮ ಗ್ರಂಥಗಳು ಸೂಚಿಸಿದ ಹೊಸ ಕಾಲವು ಇವರ ಬೋಧೆಯಿಂದಲೇ ಬರುವದೇನೋ ಎಂಬಂತೆ ಅವರು ಮಾತನಾಡಿದರು. ಸಾವಿರಾರು ಜನರು ಒಮ್ಮೆಲೇ ಸಭೆಗೆ ಸೇರುವರೆಂಬ ಆಶೆಯು ಮಿಶನರಿಗಳ ಮನಸ್ಸನ್ನು ತುಂಬಿತು. ಹಾಗೆ ಸೇರಿದವರು ನೆಲೆಯಾಗಿ ಒಕ್ಕಲುತನ ಮಾಡಲೆಂದು ಗದುಗಿನ ಬಳಿಯ ಮಳಸಮುದ್ರದಲ್ಲಿ 1841ರಲ್ಲಿ ಒಂದು ವಸಾಹತನ್ನು ಸ್ಥಾಪಿಸಿದರು. ಆದರೆ ಎಣಿಸಿದ ಜನರು ಬರಲಿಲ್ಲ, ವಸಾಹತು ಬೆಳೆಯಲಿಲ್ಲ.

ಇಲ್ಲಿ ಆ ಮಿಶನರಿಗಳ ಪ್ರಾಮಾಣಿಕತೆಯನ್ನು ಸಂಶಯಿಸಲು ಕಾರಣವಿಲ್ಲ. ಅವರು ಪ್ರಾರ್ಥಿಸಿದರು, ನಂಬಿದರು, ದುಡಿದರು. ಆದರೆ ಹೊಸದಾಗಿ ಬಂದ ನಾಡು, ಆಗತಾನೇ ಕಲಿಯುತ್ತಿದ್ದ ಭಾಷೆ, ತಮಗೆ ಪರಿಚಯವಿಲ್ಲದ ಪಂಥದ ಒಳಮಾತು. ಇಂಥ ಕಡೆ ಹೊಳೆದ ನುಡಿಯು ತಮ್ಮ ಆಶೆಯ ಪ್ರತಿಧ್ವನಿಯಾಗಿರುವ ಸಂಭವವು ಹೆಚ್ಚು. ನಾವು ಬಹಳವಾಗಿ ಬಯಸಿದುದನ್ನೇ ಒಳದನಿಯೂ ಹೇಳುತ್ತಿದ್ದರೆ, ಆಗ ಅದನ್ನು ಇಮ್ಮಡಿಯಾಗಿ ಪರೀಕ್ಷಿಸಬೇಕೆಂಬದು ಮಳಸಮುದ್ರದ ಪಾಠ.

ಅದೇ ಮೊಗ್ಲಿಂಗನ ಬಾಳಿನ ಇನ್ನೊಂದು ನಿರ್ಣಯವನ್ನು ಇದರೊಡನೆ ಹೋಲಿಸಿ ನೋಡಬಹುದು. 1852ರ ಕೊನೆಯಲ್ಲಿ, ಹದಿನಾರು ವರುಷ ಈ ನಾಡಿನಲ್ಲಿ ದುಡಿದು ದಣಿದ ಅವನು ಸ್ವದೇಶಕ್ಕೆ ಮರಳುವ ಸಿದ್ಧತೆಯಲ್ಲಿದ್ದನು. ಆಗ ಕೊಡಗಿನವನೊಬ್ಬನು ದೀಕ್ಷಾಸ್ನಾನವನ್ನು ಬೇಡಿಕೊಂಡು ಮಂಗಳೂರಿಗೆ ಬಂದನು. ಇದನ್ನು ತನಗೆ ಬಂದ ಕರೆಯೆಂದು ತಿಳಿದು, ಮೊಗ್ಲಿಂಗನು ಪ್ರಯಾಣವನ್ನು ನಿಲ್ಲಿಸಿ 1853ರಲ್ಲಿ ಅವನೊಡನೆ ಕೊಡಗಿಗೆ ಹೋದನು. ನೋಡುವವರಿಗೆ ಇದೂ ಕ್ಷಣದ ಹುಚ್ಚೆಂದು ತೋರಿರಬಹುದು. ಆದರೆ ಎರಡು ಅಂತರಗಳಿವೆ. ಈಗ ಅವನಿಗೆ ಕನ್ನಡವೂ ಕನ್ನಡಿಗರೂ ಚೆನ್ನಾಗಿ ಗೊತ್ತು. ದಾಸರ ಪದಗಳನ್ನೂ ಬಸವಪುರಾಣ, ಜೈಮಿನಿಭಾರತ ಮೊದಲಾದ ಗ್ರಂಥಗಳನ್ನೂ ಅಚ್ಚು ಹಾಕಿಸುವಷ್ಟು ಅವನು ನಮ್ಮ ಸಾಹಿತ್ಯದಲ್ಲಿ ಮುಳುಗಿದ್ದನು. ಅಲ್ಲದೆ ಈ ನಿರ್ಣಯದ ವೆಚ್ಚದಲ್ಲಿ ದೊಡ್ಡ ಪಾಲು ಅವನದೇ: ಊರಿಗೆ ಮರಳುವ ಸುಖವನ್ನು ಬಿಟ್ಟವನೂ, ಬಂಧುಗಳಿಂದ ದೂರವಾಗುವ ಆ ಮನುಷ್ಯನ ಜೊತೆಗೆ ಹೋಗಿ ನಿಂತವನೂ ಅವನೇ.

ಮುಂದೆ ಕೊಡಗಿನಲ್ಲಿ ಜೀತಕ್ಕೆ ಒಳಗಾಗಿದ್ದ ದಲಿತರು ಸಭೆಯ ಆಶ್ರಯಕ್ಕೆ ಬಂದಾಗ ಅವರಿಗಾಗಿ ಒಂದು ಊರೇ ಕಟ್ಟಲ್ಪಟ್ಟಿತು. ಅದಕ್ಕೆ ಆನಂದಪುರವೆಂಬ ಹೆಸರು ಬಂದುದು ಆನಂದರಾವ್ ಕೌಂಡಿನ್ಯರಿಂದ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಈ ತರುಣರು 1844ರಲ್ಲಿ ಕ್ರೈಸ್ತರಾಗಿ, ಬಾಸೆಲಿನಲ್ಲಿ ಓದಿ, 1851ರಲ್ಲಿ ಬೋಧಕರಾಗಿ ಮರಳಿದ್ದರು. ಬ್ರಾಹ್ಮಣ ಕುಲದಲ್ಲಿ ಹುಟ್ಟಿದವರ ಹೆಸರು ಜೀತದಿಂದ ಬಿಡುಗಡೆಯಾದವರ ಊರಿಗೆ ಬಂದುದು ಆ ಕಾಲದಲ್ಲಿ ಸಣ್ಣ ಮಾತಲ್ಲ. ಮುಂದಾಳಿನ ನಿರ್ಣಯವನ್ನು ಅಳೆಯುವ ಒಂದು ಕೋಲು ಇಲ್ಲಿ ನಮಗೆ ದೊರೆಯುತ್ತದೆ: ಇದರ ಬೆಲೆಯನ್ನು ತೆರುವವರು ಯಾರು? ಬೇರೆಯವರು ತೆರುವದಾದರೆ, ಅವರನ್ನು ಕೇಳಿಯಾಯಿತೇ? ನಾನು ಅದರಲ್ಲಿ ಪಾಲುಗೊಂಡಿರುವೆನೇ?

ಈ ಕೋಲಿನಿಂದ ಅಳೆದಾಗ ಮಿಶನಿನ ಉದ್ಯಮಗಳ ಕಥೆಯೂ ಬೇರೆ ಬೆಳಕಿನಲ್ಲಿ ಕಾಣುವದು. ದೀಕ್ಷಾಸ್ನಾನ ಕೊಡುವದು ಬೋಧಕನ ನಿರ್ಣಯವಾದರೂ, ಜಾತಿಯಿಂದ ಹೊರಬಿದ್ದು ಕಸುಬನ್ನೂ ಭೂಮಿಯನ್ನೂ ಕಳಕೊಂಡವನು ಹೊಸ ಕ್ರೈಸ್ತನು. ಅವನ ಹಸಿವೆಗೆ ‘ದೇವರು ನೋಡಿಕೊಳ್ಳುವನು’ ಎಂದು ಹೇಳಿ ಕೈತೊಳೆದುಕೊಳ್ಳುವದು ಸುಲಭವಾಗಿತ್ತು. ಬಾಸೆಲಿನವರು ಹಾಗೆ ಮಾಡಲಿಲ್ಲ. ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನು ಹೂಡಿದರು. 1851ರಲ್ಲಿ ಅಲ್ಲಿಗೆ ಬಂದ ನೇಕಾರ ಜಾನ್ ಹಾಲರನಿಂದ ಖಾಕಿಯ ಬಣ್ಣವು ಹೆಸರಾಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟನು ಹೆಂಚಿನ ಕಾರ್ಖಾನೆಯನ್ನು ಕಟ್ಟಿದನು. ‘ಮಂಗಳೂರು ಹೆಂಚು’ ನಮ್ಮ ಮಲೆನಾಡಿನ ಸೆರಗಿನ ಮನೆಗಳ ವರೆಗೂ ಬಂತು. ಸುವಾರ್ತೆಯನ್ನು ಸಾರಲು ಬಂದವರು ವ್ಯಾಪಾರ ಮಾಡಬಹುದೇ ಎಂಬ ಆಕ್ಷೇಪವೂ, ಅನ್ನದ ಆಶೆಗೆ ಜನರು ಬರುವರೆಂಬ ಆಕ್ಷೇಪವೂ ಇರದೆ ಇರಲಿಲ್ಲ, ಎರಡರಲ್ಲಿಯೂ ಹುರುಳಿದೆ. ಆದರೂ, ತಾನು ತೆಗೆದುಕೊಂಡ ನಿರ್ಣಯದ ಪರಿಣಾಮವನ್ನು ಹಿಂಬಾಲಿಸಿ ಹೋಗಿ, ಅದರ ಪೆಟ್ಟನ್ನು ತಿಂದವನಿಗೆ ದಾರಿಯನ್ನು ಮಾಡಿಕೊಡುವದು ನಾಯಕನ ಧರ್ಮವೆಂಬದನ್ನು ಅವರು ನಡತೆಯಿಂದ ತೋರಿಸಿದರು.

ಒಂದು ಕೊರತೆಯನ್ನೂ ಹೇಳತಕ್ಕದ್ದು. 1914ರ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಸರಕಾರದವರು ಬಂಧನದಲ್ಲಿರಿಸಿ ದೇಶ ಬಿಡಿಸಿದರು. ಉದ್ಯಮಗಳು ಬೇರೆಯವರ ಕೈಸೇರಿದವು. ಬಹುಕಾಲ ಇತರರ ನಿರ್ಣಯಗಳನ್ನು ನಡೆಯಿಸಿಕೊಂಡು ಬಂದಿದ್ದ ದೇಶೀಯ ಪಾಲಕರ ಮೇಲೆ ಸಭೆಗಳ ಭಾರವು ಒಮ್ಮೆಲೇ ಬಹುಮಟ್ಟಿಗೆ ಬಿತ್ತು. ನಿರ್ಣಯಶಕ್ತಿಯು ನಿರ್ಣಯಿಸುವದರಿಂದಲೇ ಬರತಕ್ಕದ್ದು. ಕಿರಿಯರಿಗೆ ಚಿಕ್ಕ ಹೊಣೆಗಳನ್ನು ಒಪ್ಪಿಸಿ, ಅವರು ಎಡವಿದರೆ ಎತ್ತಿ, ಕ್ರಮವಾಗಿ ದೊಡ್ಡ ಹೊಣೆಗೆ ತಯಾರು ಮಾಡದ ನಾಯಕನು, ತಾನೆಷ್ಟೇ ವಿವೇಕಿಯಾದರೂ ಅರ್ಧ ಕೆಲಸವನ್ನೇ ಮಾಡಿದಂತಾಯಿತು.

ಹಾಗೆ ಭಾರ ಹೊತ್ತ ದೇಶೀಯರ ತಲೆಮಾರಿನಲ್ಲಿ ಉತ್ತಂಗಿಯವರೂ ಒಬ್ಬರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೈವಜ್ಞಾನವನ್ನು ಕಲಿತು ಪಾಲಕರಾದ ಇವರಿಗೆ ಸರ್ವಜ್ಞನನ್ನು ಹುಡುಕುವದು ನಿನ್ನ ಕೆಲಸವೆಂದು ಯಾವ ನಿಯಮವೂ ಹೇಳಿರಲಿಲ್ಲ. ಶಿವನನ್ನು ನೆನೆಯುವ ಒಬ್ಬ ತಿರುಕ ಕವಿಗಾಗಿ ಕ್ರೈಸ್ತ ಬೋಧಕನು ವರುಷಗಳನ್ನು ಏಕೆ ವ್ಯಯಿಸಬೇಕೆಂಬ ಪ್ರಶ್ನೆಯು ಯಾರಿಗಾದರೂ ಬರುವಂಥದೇ. ಆದರೆ ಈ ಜನರ ನಡುವೆ ದೇವರ ಮಾತನ್ನು ಹೇಳಬೇಕಾದರೆ, ಈ ಜನರ ಬಾಯಲ್ಲಿ ಈಗಾಗಲೇ ಇರುವ ಸತ್ಯವನ್ನು ಮೊದಲು ಕೇಳಬೇಕೆಂಬದು ಅವರ ಬಾಳಿನ ಕೆಲಸದಿಂದಲೇ ವ್ಯಕ್ತವಾಗುತ್ತದೆ. ಹಸ್ತಪ್ರತಿಗಳಲ್ಲಿದ್ದವನ್ನೂ ಜನರ ನೆನಪಿನಲ್ಲಿದ್ದವನ್ನೂ ಕೂಡಿಸಿ, ಎರಡು ಸಾವಿರದ ಆಸುಪಾಸಿನ ತ್ರಿಪದಿಗಳನ್ನು ಹೊರತಂದರು. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕೂಡಿಸಿತು. 1962ರಲ್ಲಿ ಅವರು ತೀರಿಕೊಂಡರು. ಅವರ ಒಳದನಿಯು ಸರಿಯಾಗಿತ್ತೆಂಬದಕ್ಕೆ ಸಾಕ್ಷಿ ಬೇಕೆ? ಮತಭೇದವನ್ನು ಎಣಿಸದೆ ಆ ಪುಸ್ತಕವನ್ನು ಮನೆಯಲ್ಲಿಟ್ಟುಕೊಂಡ ಕನ್ನಡಿಗರೇ ಸಾಕ್ಷಿ.

ಸರ್ವಜ್ಞನ ಸಂಪಾದಕನಿಗೆ ಎದುರಾಗುವ ಒಂದು ತೊಡಕು ನಮ್ಮ ವಿಷಯಕ್ಕೂ ಬಹಳ ಉಪಯುಕ್ತವಾಗಿದೆ. ಮೂರು ಸಾಲು ಕಟ್ಟಿ ಕೊನೆಗೆ ‘ಸರ್ವಜ್ಞ’ ಎಂದು ಸೇರಿಸಲು ಬಂದವನೆಲ್ಲ ಹೊಸ ತ್ರಿಪದಿಯನ್ನು ಹೊಸೆಯಬಲ್ಲನು. ಹಾಗೆ ಹೊಸೆದವು ಜನರ ಬಾಯಲ್ಲಿ ಮೂಲದೊಡನೆ ಬೆರೆತಿವೆ. ಅಂಕಿತವಿದ್ದ ಮಾತ್ರಕ್ಕೆ ವಚನವು ಅವನದಾಗುವದಿಲ್ಲ. ಭಾಷೆ, ಭಾವ, ನಡೆ ಇವುಗಳನ್ನು ಒರೆಗೆ ಹಚ್ಚಿ ನೋಡಬೇಕು. ಹಾಗೆಯೇ ನಾಯಕನು ತನ್ನ ನಿರ್ಣಯದ ಕೊನೆಗೆ ‘ಇದು ದೇವರ ಚಿತ್ತ’ ಎಂಬ ಅಂಕಿತವನ್ನು ಹಾಕುವದು ಬಹಳ ಸುಲಭ. ಹಾಕಿದ ಮೇಲೆ ಎದುರು ಮಾತನಾಡುವವನು ದೇವರಿಗೇ ಎದುರಾಡಿದಂತಾಗುವನು. ಸಭೆಯ ಹೊಲವನ್ನು ಮಾರುವ ವಿಷಯವಿರಲಿ, ಶಿಕ್ಷಕಿಯೊಬ್ಬಳನ್ನು ದೂರದ ಊರಿಗೆ ವರ್ಗಾಯಿಸುವ ವಿಷಯವಿರಲಿ, ಈ ಅಂಕಿತವು ಬಿದ್ದ ಕೂಡಲೇ ವಿಚಾರದ ಬಾಗಿಲು ಮುಚ್ಚುತ್ತದೆ. ನಮ್ಮ ಕಡೆಯಲ್ಲಿಯೂ ‘ಗುರುವಿನ ಅಪ್ಪಣೆ’, ‘ದೇವಿಯ ಅಪ್ಪಣೆ’ ಎಂಬ ಹೆಸರಿನಿಂದ ಇದೇ ನಡೆಯುವದನ್ನು ವಾಚಕರು ಕಂಡಿರುವರು.

ಇತ್ತೀಚಿನ ಮನಃಶಾಸ್ತ್ರಜ್ಞರ ಒಂದು ವಿಚಾರವನ್ನು ಇಲ್ಲಿ ಹೇಳುವದು ಯುಕ್ತ. ಡೇನಿಯಲ್ ಕಾಹ್ನೆಮನ್ ಎಂಬವರು ಅಂತಃಸ್ಫುರಣದ ತಪ್ಪುಗಳನ್ನು ಎತ್ತಿ ತೋರಿಸಿದವರು. ಗ್ಯಾರಿ ಕ್ಲೈನ್ ಎಂಬವರು ಬೆಂಕಿ ಆರಿಸುವ ದಳದ ನಾಯಕರ ಕ್ಷಣಮಾತ್ರದ ನಿರ್ಣಯಗಳನ್ನು ಕಂಡು ಅದನ್ನು ಹೊಗಳಿದವರು. ಈ ಎದುರಾಳಿಗಳಿಬ್ಬರೂ ಕೂಡಿ 2009ರಲ್ಲಿ ಒಂದು ಪ್ರ‌ಬಂಧವನ್ನು ಪ್ರಕಟಿಸಿ, ಅಂತಃಸ್ಫುರಣವನ್ನು ನಂಬಲು ಎರಡು ಸಂಗತಿಗಳು ಬೇಕೆಂದರು. ಕಾರ್ಯಕ್ಷೇತ್ರದಲ್ಲಿ ಒಂದು ಕ್ರಮವಿರಬೇಕು. ಆ ಕ್ರಮವನ್ನು ಕಲಿಯಲು, ತನ್ನ ನಿರ್ಣಯದ ಫಲವನ್ನು ಮತ್ತೆ ಮತ್ತೆ ನೋಡುವ ಅವಕಾಶವಿರಬೇಕು. ನಿರ್ಣಯಿಸುವವನ ಮನಸ್ಸಿನ ದೃಢತೆಯು ಪ್ರಮಾಣವಲ್ಲ. ಬ್ಯಾಡಗಿಯ ದಲಾಲನಿಗೆ ತಪ್ಪಿನ ಫಲವು ಬೇಗನೆ ತಿಳಿಯುತ್ತದೆ. ಸಭಾಪಾಲಕನಿಗಾದರೋ, ಒಬ್ಬ ಹುಡುಗನನ್ನು ವಸತಿಗೃಹದಿಂದ ಹೊರಗೆ ಹಾಕಿದುದರ ಫಲವು ತಿಳಿಯಲು ಹತ್ತು ವರುಷ ಬೇಕು. ಅಷ್ಟರಲ್ಲಿ ಅವನಿಗೆ ವರ್ಗವಾಗಿರುತ್ತದೆ. ಆದುದರಿಂದ ಫಲವು ತಾನಾಗಿ ತಿಳಿಯದ ಕಡೆ ಅದನ್ನು ಹುಡುಕಿಕೊಂಡು ಹೋಗಬೇಕು.

ಇದಕ್ಕೆ ಕ್ರೈಸ್ತರಲ್ಲಿಯೇ ಹಳೆಯ ಸಾಧನಗಳಿವೆ. ಸ್ಪೇನಿನ ಇಗ್ನೇಷಿಯಸ್ ಲೊಯೊಲಾ ಎಂಬ ಯೋಧನು 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಕಾಲಿಗೆ ಪೆಟ್ಟು ತಿಂದು ಹಾಸಿಗೆ ಹಿಡಿದಾಗ, ತನ್ನಲ್ಲಿ ಏಳುವ ಆಲೋಚನೆಗಳನ್ನೇ ಗಮನಿಸತೊಡಗಿದನು. ಕೀರ್ತಿಯ ಕನಸುಗಳು ಆ ಕ್ಷಣಕ್ಕೆ ರುಚಿಸಿದರೂ ಆಮೇಲೆ ಮನಸ್ಸನ್ನು ಬರಿದು ಮಾಡುತ್ತಿದ್ದವು. ಸಂತರಂತೆ ಬಾಳುವ ಆಲೋಚನೆಯು ಹೋದ ಮೇಲೂ ಸಂತೋಷವು ಉಳಿಯುತ್ತಿತ್ತು. ಈ ಅಂತರದಿಂದಲೇ ಅವನು ಒಳದನಿಗಳನ್ನು ಬೇರ್ಪಡಿಸುವ ಕ್ರಮವನ್ನು ಕಟ್ಟಿ, ದಿನಾಲು ಆತ್ಮಪರೀಕ್ಷೆ ಮಾಡಿಕೊಳ್ಳಬೇಕೆಂದು ತನ್ನವರಿಗೆ ಹೇಳಿದನು. ಬಾಸೆಲ್ ಮಿಶನರಿಗಳೂ ತಮ್ಮ ಕೆಲಸದ ವರದಿಗಳನ್ನು ನಿಯಮದಿಂದ ಬಾಸೆಲಿಗೆ ಬರೆದು ಕಳಿಸಬೇಕಾಗಿತ್ತು. ಬರೆದಿಟ್ಟ ಮಾತು ನೆನಪಿನಂತೆ ಬಣ್ಣ ಬದಲಿಸುವದಿಲ್ಲ.

ಇಷ್ಟಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಇಷ್ಟೆಲ್ಲ ಪರೀಕ್ಷೆ ಮಾಡುತ್ತ ಕುಳಿತರೆ ಸಮಯವು ಮೀರುವದಲ್ಲವೆ? ನಡುರಾತ್ರಿ ಯಾರೋ ಬಾಗಿಲು ಬಡಿದಾಗ ಸಮಿತಿಯನ್ನು ಕೂಡಿಸಲಾಗುವದೇ? ನಿಜ. ಆದರೆ ಈ ಆಕ್ಷೇಪವು ನಮ್ಮ ಮಾತನ್ನೇ ಬಲಪಡಿಸುತ್ತದೆ. ಅವಸರದಲ್ಲಿ ಹೊರಬರುವದು ಮೊದಲೇ ಒಳಗೆ ತುಂಬಿಟ್ಟಿದ್ದು ಮಾತ್ರ. ಬಿಡುವಿನ ದಿನಗಳಲ್ಲಿ ಸಣ್ಣ ನಿರ್ಣಯಗಳನ್ನು ವಿಚಾರಿಸಿ ಮಾಡಿದವನಿಗೆ ಅವಸರದ ದಿನ ಕೈ ನಡುಗುವದಿಲ್ಲ. ಅಲ್ಲದೆ, ಅವಸರವೆಂದು ಹೇಳುವ ಬಹಳಷ್ಟು ನಿರ್ಣಯಗಳು ನಾಳೆಯ ವರೆಗೆ ಕಾಯಬಲ್ಲವು.

ಎರಡನೆಯ ಆಕ್ಷೇಪವು ಇನ್ನೂ ಗಟ್ಟಿಯಾದುದು. ಹಿರಿಯರೂ ಸಮುದಾಯವೂ ಕೂಡಿಯೇ ತಪ್ಪು ಮಾಡುವದಿಲ್ಲವೆ? ಪ್ರವಾದಿಗಳು ಒಂಟಿಯಾಗಿಯೇ ನಿಲ್ಲಲಿಲ್ಲವೆ? ಬಸವಣ್ಣನವರು ಎಲ್ಲರನ್ನೂ ಕೇಳಿ ನಡೆದಿದ್ದರೆ ಏನಾಗುತ್ತಿತ್ತು? ಇದಕ್ಕೆ ನನ್ನ ಉತ್ತರವಿಷ್ಟು: ಇತರರನ್ನು ಕೇಳಬೇಕೆಂದರೆ ಬಹುಮತಕ್ಕೆ ತಲೆಬಾಗಬೇಕೆಂದಲ್ಲ. ಕೇಳಿದ ಮೇಲೆಯೂ ಒಂಟಿಯಾಗಿ ನಿಲ್ಲುವ ಪ್ರಸಂಗವು ಬರಬಹುದು. ಆಗ ಮೇಲೆ ಹೇಳಿದ ಕೋಲನ್ನೇ ಹಿಡಿಯಬೇಕು. ಒಂಟಿಯಾಗಿ ನಿಂತವನು ಅದರ ಬೆಲೆಯನ್ನು ತಾನು ತೆರಲು ಸಿದ್ಧನೇ? ದುರ್ಬಲರ ಪರವಾಗಿ ನಿಂತಿರುವನೇ, ದುರ್ಬಲರ ತಲೆಯ ಮೇಲೆ ನಿಂತಿರುವನೇ? ಸಮುದಾಯವನ್ನು ಮೀರಿ ನಡೆದ ಮಹಾತ್ಮರು ಬೆಲೆಯನ್ನು ತಾವೇ ತೆತ್ತರು. ಅದನ್ನು ಇತರರಿಂದ ವಸೂಲು ಮಾಡುವವರು ಅವರ ಹೆಸರನ್ನು ಹೇಳಿಕೊಳ್ಳಲು ಅರ್ಹರಲ್ಲ.

ಆದುದರಿಂದ ಮುಂದಾಳುತನವನ್ನು ವಹಿಸುವ ತರುಣರಿಗೆ, ಅವರು ಯಾವ ಮತದವರೇ ಆಗಿರಲಿ, ಕೆಲವು ಮಾತುಗಳನ್ನು ಸೂಚಿಸಬಹುದು. ನಿಮ್ಮ ಧರ್ಮಗ್ರಂಥವನ್ನೂ ನಿಮ್ಮ ಜನರ ಬಾಳನ್ನೂ ಒಟ್ಟಿಗೆ ಓದಿರಿ. ಒಂದನ್ನು ಬಿಟ್ಟರೆ ಇನ್ನೊಂದು ಕುರುಡಾಗುವದು. ನಿಮಗೆ ‘ತಪ್ಪು’ ಎಂದು ಹೇಳಬಲ್ಲ ಒಬ್ಬ ಹಿರಿಯರನ್ನು ಸಂಪಾದಿಸಿರಿ. ನಿರ್ಣಯದ ಮೊದಲು, ಅದರಿಂದ ಹೆಚ್ಚು ಪೆಟ್ಟು ತಿನ್ನುವವನ ಮನೆಗೆ ಹೋಗಿ ಅವನ ಮಾತನ್ನು ಕೇಳಿರಿ. ಸಿಟ್ಟಿನಲ್ಲಿಯೂ ಸ್ತುತಿಯ ಅಮಲಿನಲ್ಲಿಯೂ ಏನನ್ನೂ ನಿಶ್ಚಯಿಸಬೇಡಿರಿ. ಏನನ್ನು, ಏಕೆ ನಿಶ್ಚಯಿಸಿದಿರೆಂದು ಒಂದು ವಹಿಯಲ್ಲಿ ಬರೆದಿಡಿರಿ. ವರುಷಕ್ಕೊಮ್ಮೆ ತೆರೆದು, ಹೇಗಾಯಿತೆಂದು ಅದರ ಎದುರಿಗೆ ಬರೆಯಿರಿ. ದೇವರ ಹೆಸರನ್ನು ಹೇಳುವದಾದರೆ ಎಲ್ಲ ವಿಚಾರವೂ ಮುಗಿದ ಮೇಲೆ, ಅಂಜಿಕೆಯಿಂದ ಹೇಳಿರಿ. ಹೀಗೆ ಹತ್ತು ವರುಷ ನಡೆದವನ ಒಳದನಿಯನ್ನು ಊರು ತಾನಾಗಿಯೇ ನಂಬುವದು. ನನ್ನನ್ನು ನಂಬಿರೆಂದು ಅವನು ಕೇಳಬೇಕಾಗುವದಿಲ್ಲ.